ಕೇಳಿಸದ ಕಿವಿ

ಸುವರ್ಣ ಮಹೋತ್ಸವದ ಸಂಚಿಕೆಗೆ ನೆನಪೊಂದನ್ನು ಬರೆದುಕೊಡಬೇಕೆಂದು ಸಮಿತಿಯ ಮಿತ್ರರು ಕೇಳಿದಾಗ ಹೆಮ್ಮೆಪಡುವಂತಹ ಪ್ರಸಂಗಗಳು ಹಲವು ಕಣ್ಮುಂದೆ ಸುಳಿದವು. ಆದರೆ ನಾನಿಲ್ಲಿ ಬರೆಯುತ್ತಿರುವುದು ನನ್ನ ತಪ್ಪೊಂದನ್ನು ಕುರಿತು.

1986ರ ಫೆಬ್ರವರಿ. ಮತ್ತಿಗಿರಿಯ ಬೀದಿಬೀದಿಗಳಲ್ಲಿ ಮಂಗನಬಾವು ಹಬ್ಬಿತ್ತು. ನಾವು ಮಂಗನಬಾವು ಎಂದರೆ ನೆರೆಯ ತಮಿಳರು ‘ಪೊನ್ನುಕ್ಕು ವೀಂಗಿ’ ಎನ್ನುವರು, ತೆಲುಗರು ‘ಗವದಬಿಳ್ಳಲು’ ಎನ್ನುವರು. ಹೆಸರು ಮೂರಾದರೂ ಉದಾಸೀನ ಒಂದೇ. ಕೊರಳಿಗೆ ಚಿನ್ನದ ಸರ ಹಾಕಿದರೆ ಬಾವು ಇಳಿಯುವುದೆಂಬ ನಂಬಿಕೆ ಬೇರೆ. ಹಾಜರಿ ಕಡಮೆಯಾಗಬಾರದೆಂದು ಕೆನ್ನೆ ಊದಿದ ಮಕ್ಕಳನ್ನೂ ನಾನು ತರಗತಿಯಲ್ಲಿ ಕೂರಿಸಿಕೊಂಡೆ. ಬಾವು ಕಾಣುವ ಎರಡು ದಿನ ಮೊದಲಿನಿಂದ, ಕಂಡ ಐದು ದಿನಗಳವರೆಗೆ ಸೋಂಕು ಹರಡುತ್ತದೆಂಬುದು ನನಗೆ ತಿಳಿದಿರಲಿಲ್ಲ.

ಎಂಟನೆಯ ತರಗತಿಯ ಹುಡುಗನೊಬ್ಬನಿಗೆ ಬಾವು ಇಳಿಯುವ ಮೊದಲೇ ತೀವ್ರ ತಲೆನೋವು, ವಾಂತಿ ಕಾಣಿಸಿಕೊಂಡಿತು. ಕತ್ತು ಬಗ್ಗಿಸಲಾಗುತ್ತಿರಲಿಲ್ಲ. ಬೆಂಗಳೂರಿಗೆ ಕರೆದೊಯ್ದರು. ವೈರಾಣು ಮೆದುಳಿನ ಹೊದಿಕೆಗೆ ತಗುಲಿ ಮೆನಿಂಜೈಟಿಸ್ ಆಗಿದೆಯೆಂದು ವೈದ್ಯರು ತಿಳಿಸಿದರು. ಬಹುಪಾಲು ಮಕ್ಕಳು ಇದರಿಂದ ಪೂರ್ಣ ಗುಣಹೊಂದುತ್ತಾರೆ. ಅವನೂ ಹದಿನೈದು ದಿನಗಳಲ್ಲಿ ಶಾಲೆಗೆ ಮರಳಿದನು.

ಆದರೆ ಅವನು ಮೊದಲಿನಂತಿರಲಿಲ್ಲ. ಕರೆದರೆ ಓಗೊಡುತ್ತಿರಲಿಲ್ಲ. ಒಂದು ದಿನ ಪಾಠದ ನಡುವೆ ಮೂರು ಸಲ ಕರೆದೆ. ಅವನು ಕಿಟಕಿಯತ್ತ ನೋಡುತ್ತಲೇ ಇದ್ದನು. ಸಿಟ್ಟಿನಿಂದ ಹೋಗಿ ಬಲಗಿವಿಯನ್ನು ಹಿಂಡಿದೆ. ಹುಡುಗ ಅಳಲಿಲ್ಲ, ಏನನ್ನೂ ಹೇಳಲಿಲ್ಲ.

ಮರುದಿನ ಅವನ ತಾಯಿ ಶಾಲೆಗೆ ಬಂದು ಬಾಗಿಲ ಬಳಿಯೇ ನಿಂತರು. “ಹೊಡೀಬೇಡಿ ಮೇಷ್ಟ್ರೇ, ಜ್ವರ ಬಂದಾಗಿನಿಂದ ಅವನಿಗೆ ಆ ಕಿವಿ ಕೇಳಿಸೋದಿಲ್ಲ” ಎಂದರು.

ಮಂಗನಬಾವು ಅಪರೂಪಕ್ಕೆ ಒಳಗಿವಿಗೆ ತಗುಲಿ ಒಂದು ಕಿವಿಯನ್ನು ಶಾಶ್ವತವಾಗಿ ಕೆಡಿಸುವುದುಂಟು. ಮತ್ತೊಂದು ಕಿವಿ ಕೇಳಿಸುವುದರಿಂದ ಯಾರಿಗೂ ಬೇಗ ಗೊತ್ತಾಗುವುದಿಲ್ಲ. ಅಂದೇ ಅವನನ್ನು ಮೊದಲ ಸಾಲಿನ ಬಲತುದಿಗೆ ಕೂರಿಸಿದೆ, ಎಡಗಿವಿ ತರಗತಿಯತ್ತ ಇರಲೆಂದು. ಕ್ಷಮೆ ಕೇಳಲು ಮಾತ್ರ ನನ್ನ ಮೇಷ್ಟರಿಕೆ ಬಿಡಲಿಲ್ಲ.

ಈ ರೋಗಕ್ಕೆ ಲಸಿಕೆ 1967ರಿಂದಲೇ ಇದೆ. 2017ರಲ್ಲಿ ತಮಿಳುನಾಡು, ಕರ್ನಾಟಕಗಳಲ್ಲಿ ಸರ್ಕಾರವು ಶಾಲಾಮಕ್ಕಳಿಗೆ ಹಾಕಿಸಿದ ಎಂ.ಆರ್. ಲಸಿಕೆ ದಡಾರ, ರುಬೆಲ್ಲಾಗಳಿಗೆ ಮಾತ್ರ. ಮಂಗನಬಾವು ಅದರಲ್ಲಿ ಸೇರಿರಲಿಲ್ಲ. 2024ರಲ್ಲಿ ಕೇರಳದಲ್ಲಿಯೂ ನಮ್ಮ ತಮಿಳುನಾಡಿನಲ್ಲಿಯೂ ಈ ರೋಗ ಮತ್ತೆ ಹೆಚ್ಚಿತು. ಮೂರಕ್ಕೂ ರಕ್ಷೆಯಾದ ಎಂ.ಎಂ.ಆರ್. ಲಸಿಕೆಯನ್ನು 9ನೆಯ ತಿಂಗಳು, 15ನೆಯ ತಿಂಗಳು ಮತ್ತು 4ರಿಂದ 6 ವರ್ಷದೊಳಗೆ ಹಾಕಿಸಬೇಕೆಂಬುದು ಭಾರತೀಯ ಮಕ್ಕಳ ತಜ್ಞರ ಸಂಘದ ಸಲಹೆ. ಹಳೆಯ ವಿದ್ಯಾರ್ಥಿಗಳೇ, ನಿಮ್ಮ ಮಕ್ಕಳ, ಮೊಮ್ಮಕ್ಕಳ ಬಗ್ಗೆ ವೈದ್ಯರಲ್ಲಿ ವಿಚಾರಿಸಿರಿ. ಬಾವಿನೊಡನೆ ತಲೆನೋವು, ವಾಂತಿ, ಕತ್ತಿನ ಬಿಗಿತ ಕಂಡರೆ ಅಥವಾ ಕಿವಿ ಮಂದವಾದರೆ ಒಂದು ದಿನವೂ ತಡಮಾಡದಿರಿ.

ಆ ಹುಡುಗ ಈಗ ಎರಡು ಮಕ್ಕಳ ತಂದೆ. ನಮ್ಮ ಮನೆಗೆ ಬಂದಾಗಲೆಲ್ಲ ನನ್ನ ಬಲಕ್ಕೇ ಕುರ್ಚಿ ಎಳೆದುಕೊಂಡು ಕೂರುತ್ತಾನೆ. ಅಂದು ಹೇಳಲಾಗದ ಮಾತನ್ನು ಇಂದು ಈ ಸಂಚಿಕೆಯಲ್ಲಿ ಹೇಳುತ್ತಿದ್ದೇನೆ: ತಪ್ಪಾಯಿತಪ್ಪ, ಕ್ಷಮಿಸು.