ಪರದೆ ಯಾವ ಕಿಟಕಿಗೆ ಬೇಕು?

ಮನೆಯ ಎಲ್ಲ ಕಿಟಕಿಗಳಿಗೂ ಪರದೆ ಬೇಕಿಲ್ಲ. ಕಿಟಕಿಯ ದಿಕ್ಕು, ಊರಿನ ಹವೆ, ಎದುರು ಮನೆಯ ದೂರ ನೋಡಿ ನಿರ್ಧರಿಸಬೇಕು.

ಕರ್ನಾಟಕದಲ್ಲಿ ದಕ್ಷಿಣದ ಬಿಸಿಲನ್ನು ಸಜ್ಜಾ ಬಹುಮಟ್ಟಿಗೆ ತಡೆಯುತ್ತದೆ. ಉತ್ತರದ ಬೆಳಕು ಸೌಮ್ಯ. ತೊಂದರೆ ಇರುವುದು ಪಶ್ಚಿಮಕ್ಕೆ. ಇಳಿಹೊತ್ತಿನ ಬಿಸಿಲು ಸಜ್ಜಾದ ಕೆಳಗಿನಿಂದಲೇ ಒಳಗೆ ನುಗ್ಗುತ್ತದೆ.

ಗಾಜಿನ ಒಳಗಿರುವ ಪರದೆಯನ್ನು ಮುಟ್ಟುವ ಹೊತ್ತಿಗೆ ಆ ಬಿಸಿಲು ಮನೆ ಹೊಕ್ಕಾಗಿರುತ್ತದೆ. ಕಾದ ಬಟ್ಟೆ ಶಾಖವನ್ನು ಕೋಣೆಗೇ ಬಿಡುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಗೆ ಕಿಟಕಿಯ ಹೊರಗೆ ಇಳಿಬಿಡುವ ಬಿದಿರಿನ ತಟ್ಟಿ ಅಥವಾ ನೀರು ಚಿಮುಕಿಸಿದ ಲಾವಂಚದ ತಟ್ಟಿಯೇ ಮೇಲು. ಮಡಿಕೇರಿಯ ಚಳಿಗೆ ದಪ್ಪ ಪರದೆ ಒಳ್ಳೆಯದು. ಅದು ನೆಲದವರೆಗೆ ಇಳಿದಷ್ಟೂ ಗಾಜಿನ ಬಳಿಯ ತಣ್ಣನೆಯ ಗಾಳಿ ಕೋಣೆಗೆ ಹರಿಯುವುದು ಕಡಿಮೆ.

ಬೆಂಗಳೂರಿನ ಒತ್ತೊತ್ತು ಮನೆಗಳಲ್ಲಿ ಮರೆಯೇ ಮುಖ್ಯ. ಹೊರಗೆ ಬೆಳಕು ಹೆಚ್ಚಿರುವುದರಿಂದ ತೆಳು ಪರದೆ ಹಗಲಲ್ಲಿ ಮರೆ ಕೊಡುತ್ತದೆ. ರಾತ್ರಿ ದೀಪ ಹಾಕಿದೊಡನೆ ಅದರ ಮೂಲಕವೇ ಒಳಗಿನದೆಲ್ಲ ಬೀದಿಗೆ ಕಾಣುತ್ತದೆ. ಹಾಗಾಗಿ ಮಲಗುವ ಕೋಣೆಗೆ ತೆಳು, ದಪ್ಪ ಎರಡೂ ಪದರ ಬೇಕು. ನಡುಮನೆಗೆ ಸ್ಪ್ರಿಂಗ್ ತಂತಿಯಲ್ಲಿ ಕಟ್ಟುವ ಅರ್ಧ ಪರದೆ ಸಾಕು: ಮೇಲಿನಿಂದ ಬೆಳಕು, ಕೆಳಗೆ ಮರೆ. ಒಲೆಯ ಪಕ್ಕದ ಕಿಟಕಿಗೆ ಮಾತ್ರ ಬಟ್ಟೆ ಕಟ್ಟಲೇಬಾರದು. ಬೆಂಕಿ ತಗಲುವ ಅಪಾಯವಿದೆ.