ಕೈ ಆಡುತ್ತಿದ್ದರೆ ಸಾಕು

ನನ್ನ ಸೀಕೊ 5 ವಾಚಿಗೆ ಎರಡು ಭಾಷೆ ಬರುತ್ತದೆ. ವಾರ ತೋರಿಸುವ ಚಕ್ರದಲ್ಲಿ ಪ್ರತಿ ದಿನದ ಹೆಸರೂ ಒಮ್ಮೆ ಇಂಗ್ಲಿಷಿನಲ್ಲಿ, ಮಗ್ಗುಲಲ್ಲೇ ಇನ್ನೊಮ್ಮೆ ಅರಬ್ಬಿಯಲ್ಲಿ ಅಚ್ಚಾಗಿದೆ. ನಾನು ಇಂಗ್ಲಿಷಿಗೆ ಇಟ್ಟುಕೊಂಡಿದ್ದೇನೆ. ಆದರೆ ನಡುರಾತ್ರಿಯ ಸುಮಾರಿಗೆ ದಿನ ಬದಲಾಗುವಾಗ ಚಕ್ರ ಮೊದಲು ಅರಬ್ಬಿಯ ಮೇಲೆ ಹೋಗಿ ನಿಲ್ಲುತ್ತದೆ. ಇಂಗ್ಲಿಷಿಗೆ ಬರಲು ಇನ್ನೂ ಹೊತ್ತು ಹಿಡಿಯುತ್ತದೆ. ನಿದ್ದೆ ಬಾರದ ರಾತ್ರಿಗಳಲ್ಲಿ ದೀಪ ಹಾಕಿ ನೋಡಿದ್ದೇನೆ. ಆ ಹೊತ್ತಿನಲ್ಲಿ ಅದು ಇನ್ನೂ ಗಲ್ಫಿನಲ್ಲೇ ಇರುತ್ತದೆ.

ಅದು ಬಂದದ್ದೂ ಅಲ್ಲಿಂದಲೇ. ನಮ್ಮ ಕರಾವಳಿಯಲ್ಲಿ ಒಂದು ಕಾಲಕ್ಕೆ ರಜೆಯಲ್ಲಿ ಊರಿಗೆ ಬಂದವರ ಪೆಟ್ಟಿಗೆಯಲ್ಲಿ ಸೆಂಟು, ಟೇಪ್‌ರೆಕಾರ್ಡರ್, ಫಾರಿನ್ ಸಾಬೂನು ಇದ್ದರೆ, ಕೈಯಲ್ಲಿ ಸ್ಟೀಲ್ ಚೈನಿನ ಸೀಕೊ ಇರುತ್ತಿತ್ತು. ಅದು ಕಾಣಲೆಂದೇ ಅವರು ಅರ್ಧ ತೋಳಿನ ಅಂಗಿ ಹೊಲಿಸುತ್ತಿದ್ದರೆಂದು ನನಗೆ ಈಗಲೂ ಗುಮಾನಿ. ನಮ್ಮ ಮನೆಯಲ್ಲಿದ್ದದ್ದು ಎಚ್‌ಎಂಟಿ. ಅಪ್ಪ ಬೆಳಿಗ್ಗೆ ಕಾಫಿ ಕುಡಿದು ಅದಕ್ಕೆ ಕೀ ಕೊಟ್ಟ ಮೇಲೆಯೇ ಮುಂದಿನ ಕೆಲಸ. ಫಾರಿನ್ ವಾಚಿನ ಮೋಹದ ಬಗ್ಗೆ ಅವರದೊಂದು ಭಾಷಣವಿತ್ತು, ನೆಂಟರು ಬಂದಾಗಲೆಲ್ಲ ಆಗುತ್ತಿತ್ತು. ಬೆಂಗಳೂರಿನ ಎಚ್‌ಎಂಟಿ ವಾಚ್ ಕಾರ್ಖಾನೆ 1961ರಲ್ಲಿ ಶುರುವಾದದ್ದೇ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಂದು ಯಾರಾದರೂ ಹೇಳಿದ್ದರೆ ಆ ಭಾಷಣ ಸ್ವಲ್ಪ ಚಿಕ್ಕದಾಗುತ್ತಿತ್ತೋ ಏನೋ.

ಈ ಸೀಕೊ ನನಗೆ ಸಿಕ್ಕಿದ್ದು ಮಂಗಳೂರಿನ ಒಂದು ರಿಪೇರಿ ಅಂಗಡಿಯಲ್ಲಿ, ಹೇಳಿಟ್ಟು ಬಹಳ ಕಾಲ ಕಾದ ಮೇಲೆ. ಕಡಿಮೆ ದುಡ್ಡಿಗೆ ಹಳೆಯ ಸೀಕೊ ಸಿಗದೆಂದಲ್ಲ. ಮಾಸಿದ ಡಯಲ್‌ಗೆ ಕಿತ್ತಳೆಯೋ ಗಿಳಿಹಸಿರೋ ಬಳಿದು ಹೊಸದರಂತೆ ಮಾರುವ ದಂಧೆ ನಮ್ಮಲ್ಲಿ ಚೆನ್ನಾಗಿ ಬೆಳೆದಿದೆ. ಹೊರದೇಶದ ವಾಚುಪ್ರಿಯರು ಅವುಗಳಿಗೆ ‘ಮುಂಬೈ ಸ್ಪೆಷಲ್’ ಎಂದು ಹೆಸರಿಟ್ಟು ನಗುತ್ತಾರೆ. “ಪೇಂಟ್ ಮಾಡಿದ್ದು ಬೇಕಾದ್ರೆ ಡಬ್ಬ ತುಂಬ ಉಂಟು ಸರ್. ಮಾಡದ್ದು ಬೇಕಾದ್ರೆ ಕಾಯ್ಬೇಕು” ಎಂದಿದ್ದರು ಅಂಗಡಿಯವರು. ಕಾದೆ. ಕಡೆಗೊಂದು ದಿನ ಅವರು ತಮ್ಮ ಕಣ್ಣಿನ ಭೂತಗನ್ನಡಿಯನ್ನೇ ನನ್ನ ಕಣ್ಣಿಗೆ ಸಿಕ್ಕಿಸಿ, ಡಯಲ್‌ನ ತೀರಾ ಕೆಳ ಅಂಚು ನೋಡಿ ಎಂದರು. ಆರರ ಗುರುತಿನ ಎರಡೂ ಬದಿ ಅತಿ ಸಣ್ಣ ಅಕ್ಷರಗಳು: ಜಪಾನ್ ಎಂಬ ಹೆಸರು, 7009 ಎಂದು ಶುರುವಾಗುವ ನಂಬರು. ಬಣ್ಣ ಬಳಿದದ್ದಾದರೆ ಈ ಅಕ್ಷರಗಳು ಒಂದಕ್ಕೊಂದು ಅಂಟಿ ಕಲೆಯಾಗಿರುತ್ತವೆ. ಇಲ್ಲಿ ಪ್ರತಿಯೊಂದೂ ಬಿಡಿಬಿಡಿಯಾಗಿ ಕಂಡಿತು. ಮಗುಚಿದರೆ ಹಿಂಬದಿಯ ಮುಚ್ಚಳದಲ್ಲೂ ಅದೇ 7009, ಜೊತೆಗೆ ಆರಂಕಿಯ ಇನ್ನೊಂದು ಸಂಖ್ಯೆ. ಅದರ ಮೊದಲ ಅಂಕಿ ವರ್ಷದ್ದು, ಎರಡನೆಯದು ತಿಂಗಳದ್ದು. ನನ್ನದರಲ್ಲಿ ಎಂಟು, ಮೂರು. ಅಂದರೆ ಮಾರ್ಚ್ ತಿಂಗಳು. ವರ್ಷ ಮಾತ್ರ 1978 ಇರಬಹುದು, 1988 ಇರಬಹುದು. ದಶಕ ಯಾವುದೆಂದು ಬರೆದಿಡುವ ಅಗತ್ಯ ಸೀಕೊದವರಿಗೆ ಕಂಡಿಲ್ಲ.

ಆ ಕೊರತೆಯನ್ನು ತುಂಬಿದವರು ವಾಚು ಮಾರಿದ ಹಿರಿಯರು. ಕುವೈತಿನಲ್ಲಿ ಲಾರಿ ಓಡಿಸಿಕೊಂಡಿದ್ದವರು. “ಎಂಬತ್ತೊಂಬತ್ತರಲ್ಲಿ ಹೊಸತೇ ತೆಗೊಂಡದ್ದು ಮಾರಾಯ್ರೆ” ಎಂದರು. ಮರುವರ್ಷ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. 1 ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಜೋರ್ಡಾನಿನ ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನಗಳು ಕರೆತಂದವು. ಇವರೂ ಮರುಭೂಮಿ ದಾಟಿ ಅಮ್ಮಾನ್ ಸೇರಿ, ಹಾಗೇ ಬಂದವರು. “ಟಿ.ವಿ. ಅಲ್ಲೇ ಆಯ್ತು. ಫ್ರಿಜ್ ಅಲ್ಲೇ ಆಯ್ತು. ಎರಡು ತಿಂಗಳ ಸಂಬಳವೂ ಅಲ್ಲೇ. ಇದು ಕೈಯಲ್ಲಿತ್ತು, ಬಂತು.” ಇಷ್ಟು ಜೊತೆಗಿದ್ದದ್ದನ್ನು ಮಾರುವುದೇಕೆ ಎಂದು ಕೇಳಲು ನನಗೆ ಸಂಕೋಚ. ಅವರೇ ಎಡಗೈ ಮುಂದೆ ಮಾಡಿದರು. ಅದರಲ್ಲಿ ಮಗ ಕೊಡಿಸಿದ ಕಪ್ಪು ರಬ್ಬರ್ ಪಟ್ಟಿಯ ವಾಚು. “ಡಾಕ್ಟ್ರು ನಡೀಲಿಕ್ಕೆ ಹೇಳಿದ್ದಾರೆ. ಇದು ಹೆಜ್ಜೆ ಲೆಕ್ಕ ಮಾಡ್ತದೆ.”

ಹೆಜ್ಜೆಯ ಲೆಕ್ಕ ಸೀಕೊಗೂ ಗೊತ್ತು, ಹೇಳುವುದಿಲ್ಲ ಅಷ್ಟೆ. ಒಳಗೆ ಅರ್ಧಚಂದ್ರಾಕಾರದ ಲೋಹದ ತೂಕವೊಂದು ಕೈ ಆಡಿದಂತೆಲ್ಲ ಗಿರಕಿ ಹೊಡೆಯುತ್ತದೆ. ಅದಕ್ಕೆ ಸೇರಿದಂತೆ ಎರಡು ತೋಳಿನ ಒಂದು ಪುಟ್ಟ ಸನ್ನೆ. ಒಂದು ತೋಳು ಹಲ್ಲಿನ ಚಕ್ರವನ್ನು ತಳ್ಳಿದರೆ ಇನ್ನೊಂದು ಎಳೆಯುತ್ತದೆ. ತೂಕ ಎಡಕ್ಕೆ ಹೋಗಲಿ, ಬಲಕ್ಕೆ ಹೋಗಲಿ, ಸ್ಪ್ರಿಂಗು ಸುತ್ತಿಕೊಳ್ಳುವುದು ಒಂದೇ ದಿಕ್ಕಿಗೆ. ಕಡಗೋಲು ಎತ್ತ ತಿರುಗಿದರೂ ಬೆಣ್ಣೆ ಬಂದ ಹಾಗೆ. ಸೀಕೊದವರು ಇದನ್ನು 1959ರಲ್ಲಿ ಮಾಡಿ ‘ಮ್ಯಾಜಿಕ್ ಲಿವರ್’ ಎಂದು ಕರೆದರು. ಬಿಡಿಭಾಗ ಕಡಿಮೆ, ಹಾಗಾಗಿ ಖರ್ಚೂ ಕಡಿಮೆ. 1963ರಲ್ಲಿ ಮೊದಲ ‘5’ ಹೊರಬಂದಾಗ ಕೊಟ್ಟ ಐದು ಮಾತಿನಲ್ಲಿ ಮೊದಲನೆಯದು ತಾನೇ ಕೀ ತುಂಬಿಕೊಳ್ಳುವುದು. ವಾರ, ತಾರೀಖು ಎರಡೂ ಒಂದೇ ಕಿಟಕಿಯಲ್ಲಿ, ನೀರು ಹೋಗದಿರುವುದು, ಗಟ್ಟಿಯಾದ ಕೇಸು-ಚೈನು, ಮತ್ತೆ, ನಾಲ್ಕರ ಬಳಿ ಒಳಗೆ ಅಡಗಿ ಕೂತ ತಿರುಪು. ದಿನವೂ ಮುಟ್ಟುವ ಕೆಲಸವಿಲ್ಲದ ತಿರುಪು ಎದ್ದು ಕಾಣುವುದೇಕೆ? ಇಂಥ ಜಾಣತನವನ್ನು ಸಾಮಾನ್ಯರ ಕೈಗೆಟುಕುವ ವಾಚಿನಲ್ಲಿ ಇಟ್ಟರಲ್ಲ, ಚಿನ್ನದ ಕೇಸಿನ ಸ್ವಿಸ್ ವಾಚುಗಳಿಗಿಂತ ನನಗೆ ಇದೇ ದೊಡ್ಡ ಸಂಗತಿ.

ಆ ಕಂಪನಿಯ ಮೂಲಪುರುಷ ಕಿಂಟಾರೊ ಹಟ್ಟೋರಿ 1881ರಲ್ಲಿ ಟೋಕಿಯೊದಲ್ಲಿ ಗಡಿಯಾರ ಮಾರುವ, ರಿಪೇರಿ ಮಾಡುವ ಅಂಗಡಿ ತೆರೆದವನು. 1923ರ ಮಹಾಭೂಕಂಪದಲ್ಲಿ ಅವನ ಕಾರ್ಖಾನೆಯೇ ಸುಟ್ಟುಹೋಯಿತು. ಗಿರಾಕಿಗಳು ರಿಪೇರಿಗೆ ಕೊಟ್ಟಿದ್ದ ಸುಮಾರು 1500 ಗಡಿಯಾರಗಳೂ ಹೋದವು. ಅಷ್ಟಕ್ಕೂ ಅವನು ಹೊಸದನ್ನೇ ಪುಕ್ಕಟೆ ಕೊಟ್ಟ. ಇದನ್ನು ನಮ್ಮ ಅಂಗಡಿಯವರಿಗೆ ಹೇಳಿದಾಗ ಅವರು ಸ್ಕ್ರೂಡ್ರೈವರ್ ಕೆಳಗಿಟ್ಟು, “ಇಲ್ಲಿ ಮೂರು ವರ್ಷದಿಂದ ತೆಗೊಂಡು ಹೋಗದವರಿದ್ದಾರೆ, ಅವರಿಗೆ ನಾನೇನು ಕೊಡ್ಬೇಕು?” ಎಂದರು.

ವಾಚು ದಿನಕ್ಕೆ ಅರ್ಧ ನಿಮಿಷ ಮುಂದೋಡುತ್ತದೆ. ಅದರ ಬಗ್ಗೆ ನನಗೆ ತಕರಾರಿಲ್ಲ. ಯಾವ ಸಭೆಗೂ ತಡವಾಗುವುದಿಲ್ಲ. ತೊಂದರೆ ಬೇರೆಯೇ ಇತ್ತು. ಶನಿವಾರ ಬಿಚ್ಚಿಟ್ಟರೆ ಸೋಮವಾರ ನಿಂತಿರುವುದು ಸಹಜ, ಆದರೆ ಕಟ್ಟಿಕೊಂಡಿದ್ದ ದಿನಗಳಲ್ಲೂ ಬೆಳಗಾಗುವಷ್ಟರಲ್ಲಿ ನಿಲ್ಲತೊಡಗಿತು. ತಿರುಪಿನಿಂದ ಕೀ ಕೊಡೋಣವೆಂದರೆ ಈ ಮಾದರಿಗೆ ಆ ಸೌಲಭ್ಯವಿಲ್ಲ. ಅಂಗಡಿಗೆ ಒಯ್ದೆ. ಅವರು ಮುಚ್ಚಳ ತೆಗೆದು ನೋಡಿ, ಮುಚ್ಚಿ, ನಾನೇನು ಕೆಲಸ ಮಾಡುವುದೆಂದು ಕೇಳಿದರು. ಕಂಪ್ಯೂಟರ್ ಮುಂದೆ ಕೂತು ಬರೆಯುವುದು ಎಂದೆ.

“ಹಾಗಾದ್ರೆ ಸರಿ. ಮಿಷನ್‌ಗೆ ಏನೂ ಆಗ್ಲಿಲ್ಲ ಸರ್. ಇದು ಲಾರಿ ಸ್ಟೇರಿಂಗ್ ತಿರುಗಿಸಿದ ಕೈಯಲ್ಲಿದ್ದದ್ದು.”

ಅಂದಿನಿಂದ ನಮ್ಮ ಮನೆಯಲ್ಲಿ ತೆಂಗಿನಕಾಯಿ ತುರಿಯುವುದು ನಾನು, ವಾಚನ್ನು ಬಲಗೈಗೆ ಕಟ್ಟಿಕೊಂಡು. ಹಳೇ ವಾಚಿಗೆ ದುಡ್ಡು ಸುರಿದದ್ದರ ಬಗ್ಗೆ ಹೆಂಡತಿ ಆಡುತ್ತಿದ್ದ ಮಾತು ನಿಂತಿದೆ. ಮೊನ್ನೆಯಂತೂ, “ಇನ್ನೊಂದು ತೆಗೊಳ್ಳುವುದಿದ್ದರೆ ತೆಗೊಳ್ಳಿ, ಬಟ್ಟೆ ಒಗೆಯುವುದೂ ಉಂಟು” ಎಂದಳು.