ಅಂಗೈಯಲ್ಲಿ ಕೆರೆ

ಕೊರವ ಮೀನು ಉಸಿರಿಗೆಂದು ಮೇಲೆ ಬಂದಾಗ ಆಗುವ ಸದ್ದನ್ನು ಅಕ್ಷರದಲ್ಲಿ ಹಿಡಿಯುವುದು ಕಷ್ಟ. ಬಾವಿಗೆ ಇಳಿಬಿಟ್ಟ ಬಿಂದಿಗೆ ಮುಳುಗುವ ಮುಂಚೆ ಒಂದು ಸಲ ಗುಳುಕ್ ಅನ್ನುತ್ತದಲ್ಲ, ಹೆಚ್ಚುಕಡಿಮೆ ಅದೇ. ಸಮೇತನಹಳ್ಳಿಯ ಕೆರೆ ಏರಿಯ ಮೇಲೆ, ವೈಟ್‌ಫೀಲ್ಡ್ ಕಡೆಯ ರಸ್ತೆಯಲ್ಲಿ ಟಿಪ್ಪರ್ ಲಾರಿಗಳ ಓಡಾಟ ಶುರುವಾಗುವ ಮುಂಚೆ ಕೂತರೆ, ಜೊಂಡಿನ ಮರೆಯಿಂದ ಈ ಸದ್ದು ಈಗಲೂ ಕೇಳುತ್ತದೆ. ನಮ್ಮ ತಾತ ಅದು ಕಿವಿಗೆ ಬಿದ್ದ ತಕ್ಷಣ ಬೀಡಿಯನ್ನು ಕಲ್ಲಿಗೆ ಒತ್ತಿ ಆರಿಸಿ, ಪಿಸುಮಾತಿನಲ್ಲಿ "ಬಂದವ್ನೆ" ಅನ್ನುತ್ತಿದ್ದ. ಬೇರೆ ಮೀನೆಲ್ಲ ಅವನ ಬಾಯಲ್ಲಿ 'ಅದು'. ಕೊರವ ಮಾತ್ರ 'ಅವನು'.

ಕೊರವನಿಗೆ ಕಿವಿರು ಒಂದೇ ಸಾಲದು. ಕಿವಿರಿನ ಮೇಲ್ಗಡೆ ಗಾಳಿ ತುಂಬಿಕೊಳ್ಳುವ ಒಂದು ಗೂಡಿದೆ. ಅದಕ್ಕಾಗಿ ಆಗಾಗ ಮೇಲೆ ಬಂದು ಬಾಯಿ ತೆರೆಯಲೇಬೇಕು. ಬರಲು ಬಿಡದೆ ತಡೆದರೆ ನೀರಿನೊಳಗೇ ಉಸಿರುಕಟ್ಟಿ ಸಾಯುತ್ತದೆ. ಬೇಸಿಗೆಯಲ್ಲಿ ಕೆರೆ ಬತ್ತಿ ಮಿಕ್ಕ ಮೀನೆಲ್ಲ ತೇಲಿದರೂ ಕೊರವ ಹಸಿ ಕೆಸರಿನಲ್ಲಿ ಹುದುಗಿ ಮಳೆಗೆ ಕಾಯಬಲ್ಲದು. ಸಂತೆಯಲ್ಲಿ ಬಕೆಟ್ಟಿನಲ್ಲಿ ನಾಲ್ಕು ಬೆರಳು ನೀರು ಬಿಟ್ಟು ಜೀವಂತ ಮಾರುವುದೂ ಅದಕ್ಕೇ. ಉಸಿರಿಗೆ ಬಂದ ಜಾಗವನ್ನು ತಾತ ಕಿವಿಯಲ್ಲಿ ಗುರುತಿಟ್ಟುಕೊಂಡು, ಬಿದಿರುಕಡ್ಡಿಗೆ ಕಟ್ಟಿದ ತಂಗೂಸಿಯ ತುದಿಗೆ ಸಣ್ಣ ಕಪ್ಪೆ ಸಿಕ್ಕಿಸಿ, ಅದರ ಹತ್ತಿರಕ್ಕೆ ಇಳಿಬಿಡುತ್ತಿದ್ದ. ಆಮೇಲೆ ಕಿವಿಗೆ ಕೆಲಸವಿಲ್ಲ. ನವಿಲುಗರಿಯ ದಂಟಿನ ಬೆಂಡು ನೀರಿನ ಮೇಲೆ ನಿಂತಿರುತ್ತದೆ. ಅದನ್ನು ನೋಡುತ್ತಿರಬೇಕು, ಅಷ್ಟೇ. ಬೇಸಿಗೆ ರಜೆಯ ಎಷ್ಟೋ ಬೆಳಗುಗಳನ್ನು ನಾನು ಆ ಬೆಂಡು ನೋಡುತ್ತಾ ಕಳೆದಿದ್ದೇನೆ. ಕಣ್ಣು ಮುಚ್ಚಿದರೆ ಇವತ್ತಿಗೂ ರೆಪ್ಪೆಯೊಳಗೆ ನಿಂತಿರುತ್ತದೆ.

ಕೈಯಲ್ಲೇ ಕೆರೆ ನೋಡಬಹುದು ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಟೆಕ್ಸಾಸಿನಲ್ಲಿರುವ ನನ್ನ ತಂಗಿಯ ಮಗನಿಗೆ ಅಲ್ಲಿಯ ಬಾಸ್ ಮೀನಿನ ಹುಚ್ಚು. ಒಂದು ಸಲ ಊರಿಗೆ ಬಂದಾಗ ಬೆಂಕಿಪೊಟ್ಟಣದಷ್ಟು ಚಿಕ್ಕ ಡಬ್ಬಿ ಕೈಗಿಟ್ಟು, "ಮಾವ, ಇದನ್ನ ನಿಮ್ಮ ಕೆರೇಲಿ ಎಸೆದು ನೋಡಿ" ಅಂದ. ಒಳಗಿದ್ದದ್ದು ಬ್ಲೇಡೆಡ್ ಜಿಗ್. ಗೋಲಿಯಷ್ಟು ಸೀಸದ ತಲೆ, ಅದರಿಂದ ಹೊರಟ ಒಂದು ಗಟ್ಟಿ ಗಾಳ, ಗಾಳ ಮುಚ್ಚುವಂತೆ ರಬ್ಬರ್ ಎಳೆಗಳ ಕುಚ್ಚು. ಇಷ್ಟಾದರೆ ಬರೀ ಜಿಗ್. ತಲೆಯ ಮುಂದೆ ಆರು ಮೂಲೆಯ ಒಂದು ತಗಡು ಜೋತುಬಿದ್ದಿತ್ತು. ಎಲ್ಲ ಗುಟ್ಟೂ ಆ ತಗಡಿನದು. ಎಳೆದಾಗ ನೀರು ತಗಡನ್ನು ಒಂದು ಪಕ್ಕಕ್ಕೆ ದೂಡುತ್ತದೆ, ತಗಡು ಸೀಸದ ತಲೆಗೆ ಬಡಿದು ಇನ್ನೊಂದು ಪಕ್ಕಕ್ಕೆ ಹೊರಳುತ್ತದೆ, ಮತ್ತೆ ಬಡಿಯುತ್ತದೆ. ಎಳೆಯುವಷ್ಟು ಹೊತ್ತೂ ಇದು ಟಕಟಕಟಕ ನಡೆಯುತ್ತಲೇ ಇರುತ್ತದೆ. ಹಿಂದಿನ ಕುಚ್ಚು ಆ ನಡುಕಕ್ಕೆ ಉಸಿರಾಡಿದಂತೆ ಅರಳಿ ಮುದುಡುತ್ತದೆ.

ದಕ್ಷಿಣ ಕೆರೋಲಿನಾದ ಡೇವಿಸ್ ಎಂಬ ತಂದೆ ಮಗ ಇದನ್ನು ಮಾಡಿ 'ಚಾಟರ್‌ಬೇಟ್' ಎಂದು ಹೆಸರಿಟ್ಟರು. 2006ರಲ್ಲಿ ಫ್ಲೋರಿಡಾದ ಓಕಿಚೋಬಿ ಸರೋವರದ ಪಂದ್ಯವೊಂದನ್ನು ಬ್ರಯಾನ್ ಥ್ರಿಫ್ಟ್ ಇದೇ ಜಿಗ್ಗಿನಿಂದ ಗೆದ್ದ ಮೇಲೆ ಅದು ಬಾಸ್ ಹಿಡಿಯುವವರ ಪೆಟ್ಟಿಗೆಗಳಲ್ಲೆಲ್ಲ ಸೇರಿಕೊಂಡಿತು. ಓಕಿಚೋಬಿ ಅಂದರೆ ಹೆಚ್ಚು ಆಳವಿಲ್ಲದ, ಹುಲ್ಲು ಜೊಂಡು ತುಂಬಿದ ವಿಶಾಲ ನೀರು. ಆ ವಿಸ್ತಾರವೊಂದನ್ನು ಬಿಟ್ಟರೆ ನಮ್ಮ ಹೊಸಕೋಟೆ ಸೀಮೆಯ ಕೆರೆಗಳ ಲಕ್ಷಣವೂ ಅದೇ ಅಲ್ಲವೇ? ಬಾಸ್ ನಮ್ಮ ಮೀನಲ್ಲ. ಆದರೆ ಅದರ ಗುಣ ಕೇಳುತ್ತಾ ಹೋದ ಹಾಗೆ ನನಗೆ ಕೊರವನ ಜಾತಕ ಓದಿದಂತಾಯಿತು: ಜೊಂಡಿನ ಬುಡದಲ್ಲಿ ಅಲುಗಾಡದೆ ನಿಲ್ಲುವುದು, ಹಿಂದೆ ಬಿದ್ದು ದೂರ ಓಡದೆ ಇರುವುದು, ಎದುರಿಗೆ ಬಂದದ್ದನ್ನು ಒಂದೇ ನೆಗೆತಕ್ಕೆ ನುಂಗುವುದು.

ಮೊದಲ ದಿನ ನಿಂತದ್ದು ತೂಬಿನ ಪಕ್ಕದ ಕಲ್ಲಿನ ಮೇಲೆ, ತಾತ ಕೂರುತ್ತಿದ್ದ ಜಾಗದಲ್ಲಿ. ಕೆರೆಯ ಮೀನಿನ ಹರಾಜು ಹಿಡಿದವರ ಒಪ್ಪಿಗೆ ಕೇಳಿಯೇ ಇಳಿದಿದ್ದೆ. ಅವರು ಬಿಟ್ಟು ಬೆಳೆಸುವುದು ಕಾಟ್ಲಾ, ರೋಹು. ಅವುಗಳ ಮರಿ ನುಂಗುವ ಕೊರವನನ್ನು ಯಾರು ಹಿಡಿದರೂ ಅವರಿಗೆ ಸಂತೋಷವೇ. ಹಿಂದಿನ ರಾತ್ರಿ ಮಳೆಯಾಗಿ ನೀರು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಇಂಥ ನೀರಲ್ಲಿ ಮೀನಿಗೆ ಏನು ಕಂಡೀತು ಎಂದುಕೊಂಡೇ ಎಸೆದೆ. ರೀಲು ಸುತ್ತತೊಡಗಿದ ಮರುಕ್ಷಣ ಕಡ್ಡಿಯ ತುದಿ ನಡುಗಿತು. ನಡುಕ ತಂಗೂಸಿಯಲ್ಲಿ ಹರಿದು, ಕಡ್ಡಿಯಲ್ಲಿ ಇಳಿದು, ನನ್ನ ಅಂಗೈಗೆ ಬಂತು. ಬೆಕ್ಕನ್ನು ತೊಡೆಯ ಮೇಲೆ ಮಲಗಿಸಿಕೊಂಡಾಗ ಅದರ ಗುರುಗುಟ್ಟುವಿಕೆ ಕೈಗೆ ತಿಳಿಯುವುದಿಲ್ಲವೇ, ಹಾಗೆ. ಮೀನು ಸಿಗುವ ಮಾತಿರಲಿ, ಅದೊಂದಕ್ಕೇ ಆ ಬೆಳಿಗ್ಗೆ ಮೂವತ್ತು ಸಲವಾದರೂ ಎಸೆದಿರಬೇಕು.

ಮೀನಿಗೆ ಏನು ಕಂಡೀತು ಎಂಬ ನನ್ನ ಪ್ರಶ್ನೆಯೇ ತಪ್ಪಾಗಿತ್ತು. ಮೀನಿನ ಮೈಯ ಎರಡೂ ಪಕ್ಕ, ಕಿವಿರಿನಿಂದ ಬಾಲದವರೆಗೆ, ಸಣ್ಣ ರಂಧ್ರಗಳ ಒಂದು ಸಾಲಿದೆ. ಅದರ ಒಳಗಿನ ನವಿರು ಕೂದಲಿನಂಥ ತಂತುಗಳು ನೀರಿನ ಅಲುಗಾಟವನ್ನು ಗ್ರಹಿಸುತ್ತವೆ. ಕಗ್ಗತ್ತಲಲ್ಲಿ, ಕೆಮ್ಮಣ್ಣಿನ ನೀರಲ್ಲಿ, ತನ್ನ ಸುತ್ತ ಏನು ಈಜಿಹೋಯಿತು ಎಂಬುದನ್ನು ಮೀನು ಪಕ್ಕೆಯಿಂದಲೇ ತಿಳಿಯುತ್ತದೆ. ಅಂದರೆ ತಗಡಿನ ಒಂದೇ ನಡುಕ ಏಕಕಾಲಕ್ಕೆ ಎರಡು ಕಡೆ ಹೊರಡುತ್ತದೆ: ನೀರಲ್ಲಿ ಹರಡಿ ಕೊರವನ ಪಕ್ಕೆಗೆ, ತಂಗೂಸಿಯಲ್ಲಿ ಹರಿದು ನನ್ನ ಅಂಗೈಗೆ. ಆ ಗಳಿಗೆಯಲ್ಲಿ ಅದೂ ನಾನೂ ಕಣ್ಣಿನ ಸಹಾಯವಿಲ್ಲದೆ ಒಂದೇ ಸುದ್ದಿಯನ್ನು ಓದುತ್ತಿರುತ್ತೇವೆ. ಈ ವಿಚಾರ ಹೊಳೆದ ದಿನ ನನಗಾದ ಸಂತೋಷ ಇಷ್ಟಿಷ್ಟಲ್ಲ.

ಕೈ ಪಳಗಲು ಎರಡು ಮಳೆಗಾಲ ಬೇಕಾಯಿತು. ನಡುಕ ಸರಾಗವಾಗಿದ್ದರೆ ತಿಳಿನೀರು. ಸಣ್ಣಗೆ ಸರಸರ ಸವರಿದಂತಾದರೆ ಪಾಚಿಯ ತುದಿ. ನಡುಕ ಮಂದವಾಗುತ್ತಾ ಭಾರವಾದರೆ ತಗಡಿಗೆ ಕಸ ಸುತ್ತಿಕೊಂಡಿದೆ. ಕಡ್ಡಿಯನ್ನು ಒಮ್ಮೆ ಜಗ್ಗಿದರೆ ಕಸ ಹರಿದು ತಗಡು ಮತ್ತೆ ಬಾಯಿ ಬಿಡುತ್ತದೆ. ಎಷ್ಟೋ ಸಲ ಕೊರವ ಎರಗುವುದು ಆ ಜಗ್ಗಿದ ಮರುಕ್ಷಣದಲ್ಲೇ, ಹುಲ್ಲಿನಲ್ಲಿ ಸಿಕ್ಕಿಕೊಂಡಿದ್ದ ಮರಿಮೀನು ಬಿಡಿಸಿಕೊಂಡು ಓಡುತ್ತಿದೆ ಎಂದು ನಂಬಿ. ಇನ್ನು ಗಟ್ಟಿಯಾಗಿ ಟಕ್ ಎಂದು ನಿಂತರೆ ಮುಳುಗಿದ ಜಾಲಿಕೊಂಬೆ ಇರಬೇಕು. ಈ ಯಾವುದೂ ಅಲ್ಲದ ಇನ್ನೊಂದು ನಿಲ್ಲುವಿಕೆ ಇದೆ. ಭಾರವಿಲ್ಲ, ಬಡಿತವಿಲ್ಲ, ನಡುಗುತ್ತಿದ್ದದ್ದು ಒಮ್ಮೆಲೇ ಇಲ್ಲವಾಗುತ್ತದೆ. ರೇಡಿಯೋ ಹಾಡುತ್ತಿರುವಾಗ ಕರೆಂಟು ಹೋದ ಹಾಗೆ. ತಗಡು ಕೊರವನ ಬಾಯೊಳಗೆ ಸೇರಿರುತ್ತದೆ, ಅದಕ್ಕೆ. ಆಗ ಎಳೆಯಬೇಕು, ಬಲವಾಗಿ. ಆ ದವಡೆ ಕಲ್ಲಿನಂಥದು, ಮೊಂಡು ಗಾಳ ನಾಟುವುದಿಲ್ಲ.

ಗಾಳದ ಮಾತೆತ್ತಿದರೆ ನಮ್ಮ ಕಡೆ ಎಲ್ಲರೂ ಕಾವೇರಿಯ ಮಹಸೀರಿಗೆ ಹೋಗಿಬಿಡುತ್ತಾರೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮೀನಿನ ಕಥೆ ಬಂದೇ ಬರುತ್ತದೆ. ಆ ಮೀನಿನ ಘನತೆ ದೊಡ್ಡದು, ಇಂದು ಅದು ಅಳಿವಿನ ಅಂಚಿನಲ್ಲಿರುವುದು ನೋವಿನ ಸಂಗತಿ. ಆದರೂ ಕೆರೆಯ ಮೀನಿಗೂ ಒಂದು ಪರಂಪರೆಯ ಗೌರವ ಸಲ್ಲಬೇಕು ಅನ್ನುವವನು ನಾನು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗವಿದೆ. ಮೀನಿನ ಬಗೆಗಳೇನು, ಯಾವುದಕ್ಕೆ ಯಾವ ಮೇವು, ಗಾಳ ಹಾಕುವುದು ಹೇಗೆ ಎಂದು ರಾಜನೊಬ್ಬ ಕೂತು ಬರೆದಿದ್ದಾನೆ. ಮತ್ಸ್ಯವಿಜ್ಞಾನಿ ಸುಂದರ್ ಲಾಲ್ ಹೋರಾ 1951ರಲ್ಲಿ ಅದರ ಬಗ್ಗೆ ಲೇಖನ ಬರೆದು ವಿಜ್ಞಾನಿಗಳ ಗಮನ ಸೆಳೆದರು. ಮೀನು ಹಿಡಿಯುವುದನ್ನು ಸಂಗೀತ, ನೃತ್ಯಗಳ ಜೊತೆಗೆ ವಿನೋದಗಳ ಸಾಲಿನಲ್ಲಿ ಕೂರಿಸಿದ ಆ ಕನ್ನಡನಾಡಿನ ದೊರೆಯ ಮೇಲೆ ನನಗೆ ತುಂಬ ಪ್ರೀತಿ.

ಇನ್ನೊಂದು ಸಂಗತಿಯನ್ನು ತಂಗಿಯ ಮಗನೇ ಹೇಳಿದ್ದು. 2002ರಲ್ಲಿ ಅಮೆರಿಕದ ಮೇರಿಲ್ಯಾಂಡಿನ ಕ್ರಾಫ್ಟನ್ ಎಂಬಲ್ಲಿ ಒಂದು ಕೊಳದಲ್ಲಿ ನಮ್ಮ ಕೊರವನ ದಾಯಾದಿ, ಚೀನಾ ಕಡೆಯ ಜಾತಿ, ಕಾಣಿಸಿಕೊಂಡಿತು. ಯಾರೋ ತಂದು ಬಿಟ್ಟದ್ದು. ಊರ ಮೀನನ್ನೆಲ್ಲ ತಿಂದೀತೆಂದು ಹೆದರಿ ಕೊಳಕ್ಕೆ ವಿಷ ಹಾಕಿ ಕೊಂದರು. ಎರಡೇ ವರ್ಷಕ್ಕೆ ಪೊಟೊಮ್ಯಾಕ್ ನದಿಯಲ್ಲಿ ಅದೇ ಜಾತಿ ಪತ್ತೆಯಾಯಿತು, ಈಗ ಅಲ್ಲಿ ಬೇರೂರಿಬಿಟ್ಟಿದೆ. ಬಾಸ್‌ಗೆಂದು ಎಸೆದ ತಗಡಿನ ಜಿಗ್ಗಿಗೆ ಅಲ್ಲಿ ಅದು ಬಂದು ಕಚ್ಚುತ್ತದಂತೆ. ಇಲ್ಲಿ ನಮ್ಮ ಕೆರೆಗಳಲ್ಲಿ ಆಫ್ರಿಕಾದ ಜಿಲೇಬಿ, ಆಫ್ರಿಕಾದ ಕ್ಯಾಟ್‌ಫಿಶ್ ತುಂಬಿಕೊಂಡಿವೆ. ಎಲ್ಲಿಯ ಮೀನನ್ನು ಎಲ್ಲಿಗೋ ಸುರಿಯುವ ಈ ಚಟ ಕೆರೆಗೂ ಕೇಡು, ಮೀನಿಗೂ ಕೇಡು. ಕೊರವ ಇಲ್ಲಿ ಹುಟ್ಟಿ ಇಲ್ಲೇ ಬೆಳೆದದ್ದು, ಈ ಕೆಸರು ಅದರದು. ಅಲ್ಲಿ ಬೇಡವಾದ ಮೀನಿನ ಬಳಗ ಇಲ್ಲಿ ಅರವತ್ತು ಎಪ್ಪತ್ತು ಮನೆಯ ಹಳ್ಳಿಗೂ ಬೇಕಾದದ್ದು. ಪಕ್ಕದ ತೆಲಂಗಾಣ ಅದನ್ನೇ ತನ್ನ ರಾಜ್ಯದ ಮೀನು ಎಂದು ಸಾರಿದೆ.

ತಂದುಕೊಟ್ಟ ಜಿಗ್ಗನ್ನು ಒಂದು ದಿನ ಜಾಲಿಕೊಂಬೆ ಉಳಿಸಿಕೊಂಡಿತು. ಅಂದಿನಿಂದ ನಾನೇ ಮಾಡಿಕೊಳ್ಳುತ್ತೇನೆ, ನಿಜ ಹೇಳಬೇಕೆಂದರೆ ಈಗ ಎಸೆಯುವುದರಷ್ಟೇ ಮಾಡುವುದೂ ಇಷ್ಟ. ಹಳೆಯ ಸ್ಟೀಲ್ ಡಬ್ಬಿಯ ಮುಚ್ಚಳದಿಂದ ಹೆಬ್ಬೆರಳಿನ ಮೊದಲ ಗೆಣ್ಣಿನಷ್ಟು ತಗಡು ಕತ್ತರಿಸಿ, ಆರು ಮೂಲೆ ಬಿಡಿಸಿ, ಅಂಚನ್ನು ಅರದಿಂದ ಉಜ್ಜುತ್ತೇನೆ. ಅಂಚು ಹರಿತವಿದ್ದರೆ ಮೀನಿನ ಬಾಯಿ ಕುಯ್ಯುತ್ತದೆ. ಎರಡು ತೂತು ಬೇಕು. ಒಂದಕ್ಕೆ ತಂಗೂಸಿ ಕಟ್ಟುವ ಕೊಂಡಿ, ಇನ್ನೊಂದಕ್ಕೆ ಜಿಗ್ಗಿನ ಕಣ್ಣು. ತೂತಿನ ಜಾಗ ಒಂದು ಕೂದಲೆಳೆ ಅತ್ತಿತ್ತ ಆದರೂ ತಗಡು ನಡುಗದೆ ಒಂದೇ ಪಕ್ಕಕ್ಕೆ ವಾಲಿಕೊಂಡು ಬರುತ್ತದೆ. ಹದಿನಾರು ತಗಡು ಹಾಳಾದ ಮೇಲೆ ಹದಿನೇಳನೆಯದು ಮನೆಯ ನೀರಿನ ತೊಟ್ಟಿಯಲ್ಲಿ ಟಕಟಕ ಅಂದಿತು. ನನ್ನಾಕೆ ಅಡುಗೆಮನೆಯಿಂದ ಬಂದು, ಕಡ್ಡಿಯ ತುದಿ ಮುಟ್ಟಿ ನೋಡಿ, "ಜೀವ ಇದೆಯಲ್ಲ ಇದಕ್ಕೆ" ಅಂದಳು.

ಗಾಳದ ಮೊನೆಯ ಹಿಂದಿರುವ ಎದುರುಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಸ ಮಾಡಿಯೇ ಎಸೆಯುತ್ತೇನೆ, ಬಿಡಿಸುವಾಗ ಮೀನಿಗೆ ನೋವು ಕಡಿಮೆ. ಮೃಗಶಿರ ಮಳೆ ಬಿದ್ದು ಹೊಸನೀರು ಬಂದ ಮೇಲೆ ಕೆಲವು ವಾರ ಜೊಂಡಿನ ಕಡೆ ಎಸೆಯುವುದೇ ಇಲ್ಲ. ಆಗ ಕೊರವನ ಸಂಸಾರದ ಕಾಲ. ನೀರಿನ ಮೇಲೆ ಕೆಂಪು ಕುಂಕುಮ ಚೆಲ್ಲಿದಂತೆ ಮರಿಗಳ ಗುಂಪು ಒಂದೇ ಕಡೆ ಮಿಜಿಮಿಜಿ ಅನ್ನುತ್ತಿರುತ್ತದೆ. ಅದರ ಕೆಳಗೇ ತಾಯಿ ತಂದೆ ಕಾವಲು ನಿಂತಿರುತ್ತವೆ. ಆ ಹೊತ್ತಿನಲ್ಲಿ ಅವು ಸನಿಹ ಬಂದ ಯಾವುದರ ಮೇಲಾದರೂ ಎರಗುತ್ತವೆ, ಹಸಿವಿಗಲ್ಲ, ಮಕ್ಕಳಿಗಾಗಿ. ಅದನ್ನು ತಿಳಿದೂ ಗಾಳ ಎಸೆಯುವವರನ್ನು ಕಂಡರೆ ನನಗೆ ಸಿಟ್ಟು ತಡೆಯುವುದಿಲ್ಲ. ತಾತ ಆ ದಿನಗಳಲ್ಲಿ ಬಿದಿರುಕಡ್ಡಿಯನ್ನು ಅಟ್ಟದಿಂದ ಇಳಿಸುತ್ತಲೇ ಇರಲಿಲ್ಲ.

ಕಳೆದ ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಹಿರಿಯರೊಬ್ಬರು ಏರಿಯ ಮೇಲೆ ನಿಂತರು. ತಾತನ ಜೊತೆ ಗಾಳ ಹಾಕುತ್ತಿದ್ದವರು. ಕಣ್ಣಿಗೆ ಪೊರೆ ಬಂದ ಮೇಲೆ ಬೆಂಡು ಕಾಣಿಸುವುದಿಲ್ಲವೆಂದು ಗಾಳ ಬಿಟ್ಟು ಎಂಟು ವರ್ಷವಾಗಿದೆ.

"ಏನ್ ಮಗ, ಬೆಂಡೇ ಇಲ್ವಲ್ಲ ಇದ್ಕೆ? ಮೀನ್ ಬಂದಿದ್ದು ಹೆಂಗ್ ಗೊತ್ತಾಯ್ತದೆ?"

"ಹಿಡ್ಕೊಂಡು ನೋಡು ತಾತ" ಎಂದು ಜಿಗ್ಗನ್ನು ದೂರಕ್ಕೆ ಎಸೆದು ಕಡ್ಡಿಯನ್ನು ಅವರ ಕೈಗೆ ಕೊಟ್ಟೆ. ರೀಲಿನ ಹಿಡಿಯ ಮೇಲೆ ಅವರ ಬೆರಳು ಇಟ್ಟು ಒಂದೆರಡು ಸುತ್ತು ಸುತ್ತಿಸಿದೆ. ಅವರು ಥಟ್ಟನೆ ನಿಂತರು. ಮತ್ತೆ ತಾವೇ ಸುತ್ತಿದರು, ನಿಧಾನವಾಗಿ. ಮುಖ ಕೆರೆಯ ಕಡೆಗಿಲ್ಲ, ನೆಲದ ಕಡೆ ಬಾಗಿತ್ತು.

"ಪಾಚಿ" ಅಂದರು. ಹೌದು, ಅಲ್ಲಿ ಪಾಚಿಯೇ ಇತ್ತು. "ಈಗ ಬುಟ್ತು." ಕುರಿಗಳು ಏರಿಯಿಂದಿಳಿದು ಹುರುಳಿ ಹೊಲದ ಕಡೆ ತಿರುಗುತ್ತಿದ್ದವು, ಅವರು ಕೂಗಲಿಲ್ಲ. ಜೊಂಡಿನ ಅಂಚು ದಾಟಿ, ಅಂತರಗಂಗೆಯ ಪಕ್ಕದಲ್ಲಿ, ತೂಬಿನ ಕಲ್ಲಿಗೆ ಇನ್ನೇನು ಎರಡು ಮಾರು ಇರುವಾಗ ಅವರ ಕೈ ತಡೆಯಿತು. ಕಡ್ಡಿ ಬಾಗಿರಲಿಲ್ಲ, ನೀರು ಕದಡಿರಲಿಲ್ಲ, ನನ್ನ ಕಣ್ಣಿಗೆ ಏನೂ ಕಂಡಿರಲಿಲ್ಲ.

"ಬಂದವ್ನೆ" ಅಂದರು ಪಿಸುಮಾತಿನಲ್ಲಿ.